ಗುಣ ಏರಿಳಿಯಲಿ, ಕೆಲಸ ಕೆಡದಿರಲಿ

ಬ್ಯಾಂಕಿನ ಕೌಂಟರಿಗೆ ಹೊಸದಾಗಿ ಕೂತ ತಮ್ಮಂದಿರೇ, ತಂಗಿಯರೇ, ಶಾಖೆಗಳಲ್ಲೇ ದುಡಿದು ನಿವೃತ್ತನಾದವನು ನಾನು. ನಿಮ್ಮ ವಯಸ್ಸಿನವರು ನನ್ನಲ್ಲಿ ಮತ್ತೆ ಮತ್ತೆ ಕೇಳುವುದು ಇದನ್ನೇ: ‘ಬೆಳಿಗ್ಗೆ ನಗುತ್ತ ಮಾತಾಡಿದ ನಾನೇ ಮಧ್ಯಾಹ್ನ ಸಿಡುಕುತ್ತೇನೆ. ಒಂದು ದಿನ ಪ್ರತಿ ವೋಚರನ್ನೂ ಎರಡೆರಡು ಸಲ ನೋಡುತ್ತೇನೆ, ಮರುದಿನ ಕಣ್ಣಾಡಿಸಿ ಬಿಟ್ಟುಬಿಡುತ್ತೇನೆ. ನನ್ನ ಸ್ವಭಾವವೇ ಸರಿಯಿಲ್ಲವೇ?’ ಸರಿಯಾಗಿಯೇ ಇದೆ. ನಿಮ್ಮ ಏರಿಳಿತ ಕೈಯಲ್ಲಿರುವ ಕೆಲಸವನ್ನು ಅನುಸರಿಸುತ್ತಿದ್ದರೆ ಅದು ನಿಮ್ಮ ಬಲ. ದಣಿವು, ಬೇಸರಗಳನ್ನು ಅನುಸರಿಸುತ್ತಿದ್ದರೆ ಕೆಲಸ ಕೆಡುತ್ತದೆ. ಈ ವ್ಯತ್ಯಾಸ ತಿಳಿಯಲು ನನ್ನ ಕೆಲವು ಕಿವಿಮಾತುಗಳು.

• ಒಂದು ದಿನದಿಂದ ಯಾರನ್ನೂ ಅಳೆಯಬೇಡಿ, ನಿಮ್ಮನ್ನೂ ಸಹ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಫ್ಲೀಸನ್ ದಿನಕ್ಕೆ ಹಲವು ಸಲ ಜನರಿಂದ ಅವರ ಆ ಹೊತ್ತಿನ ನಡವಳಿಕೆಯನ್ನು ಬರೆಸಿಕೊಂಡು, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬನೇ ವ್ಯಕ್ತಿ ಕೆಲವೇ ದಿನಗಳಲ್ಲಿ ಬಹಳಷ್ಟು ಬದಲಾಗುತ್ತಿದ್ದ. ಆದರೂ ಅವನ ಒಂದು ವಾರದ ಸರಾಸರಿ ಮುಂದಿನ ವಾರದ್ದಕ್ಕೆ ಹತ್ತಿರವೇ ಇರುತ್ತಿತ್ತು. ಕೆಟ್ಟ ಮಧ್ಯಾಹ್ನ ಬಂದು ಹೋಗಲಿ. ವಾರಗಟ್ಟಲೆ ಹಾಗೇ ಇದ್ದರೆ ಮಾತ್ರ ಕೂತು ಯೋಚಿಸಿ.

• ಯಾವಾಗ ಹದ ತಪ್ಪುತ್ತೀರಿ ಎಂದು ಬರೆದಿಡಿ. ಮನೋವಿಜ್ಞಾನಿಗಳಾದ ವಾಲ್ಟರ್ ಮಿಶೆಲ್ ಮತ್ತು ಯುಇಚಿ ಶೋಡಾ ಬೇಸಿಗೆ ಶಿಬಿರದ ಮಕ್ಕಳನ್ನು ಗಮನಿಸಿದ್ದರು. ಓರಗೆಯವರು ಕೆಣಕಿದರೆ ರೇಗುವ ಮಗು ದೊಡ್ಡವರು ಗದರಿದಾಗ ಸುಮ್ಮನಿರಬಹುದು. ಇನ್ನೊಂದು ಮಗುವಿನಲ್ಲಿ ಇದು ತಿರುಗುಮುರುಗು. ಕೌಂಟರಿನಲ್ಲೂ ಅಷ್ಟೇ. ಒಬ್ಬರಿಗೆ ಉದ್ದ ಸಾಲು ಕಂಡರೆ ಗಡಿಬಿಡಿ, ಇನ್ನೊಬ್ಬರಿಗೆ ಮ್ಯಾನೇಜರ್ ಬೆನ್ನ ಹಿಂದೆ ನಿಂತರೆ ಕೈ ನಡುಕ. ನಿಮ್ಮದು ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

• ಕೆಲಸಕ್ಕೆ ತಕ್ಕ ಗುಣವನ್ನು ಮುಂದೆ ಮಾಡಿ. ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಬಂದ ಅಜ್ಜನ ಬೆರಳಚ್ಚು ಯಂತ್ರದಲ್ಲಿ ಮೂಡದಿದ್ದಾಗ ಬೇಕಾದದ್ದು ತಾಳ್ಮೆ. ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ ಬೇಕಾದದ್ದು ಮೌನ. ಬೆಳೆಸಾಲದ ಅರ್ಜಿಯಲ್ಲಿ ಪಹಣಿಯ ಹೆಸರು, ಸರ್ವೆ ನಂಬರುಗಳನ್ನು ತಾಳೆ ನೋಡುವಾಗ ಒಂದಿಷ್ಟು ಅನುಮಾನವೂ ಬೇಕು. ಹೀಗೆ ಬದಲಾಗುವುದನ್ನು ಯಾರಾದರೂ ನಾಟಕವೆಂದರೆ ತಲೆ ಕೆಡಿಸಿಕೊಳ್ಳಬೇಡಿ. ಕಸುಬು ಬಲ್ಲವರು ಹೀಗೇ ಇರುತ್ತಾರೆ.

• ಅಚ್ಚುಕಟ್ಟುತನವನ್ನು ಮಾತ್ರ ಇಳಿಯಗೊಡಬೇಡಿ. ಸಂಶೋಧಕರಾದ ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 1991ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಕ್ತಿತ್ವದ ಐದು ಮುಖ್ಯ ಗುಣಗಳ ಪೈಕಿ ಅವರು ಪರಿಶೀಲಿಸಿದ ಎಲ್ಲ ವೃತ್ತಿ ಗುಂಪುಗಳಲ್ಲೂ ಒಳ್ಳೆಯ ಕೆಲಸದ ಜೊತೆ ನಂಟು ತೋರಿದ್ದು ಹೊಣೆಯರಿತು ನಡೆಯುವ ಈ ಗುಣವೇ. ಮಾತುಗಾರಿಕೆ ನೆರವಾದದ್ದು ಮುಖ್ಯವಾಗಿ ಮಾರಾಟಗಾರರಿಗೆ ಮತ್ತು ಮ್ಯಾನೇಜರುಗಳಿಗೆ. ನಾನು ಮಿತಭಾಷಿ ಎಂದು ಕೊರಗಬೇಡಿ.

• ದಣಿದ ಹೊತ್ತಿನಲ್ಲಿ ನಿಯಮಕ್ಕೆ ಅಂಟಿಕೊಳ್ಳಿ. ಯಂತ್ರ ಎಣಿಸಿದ್ದರೂ ನೋಟುಗಳನ್ನು ಇನ್ನೊಮ್ಮೆ ಎಣಿಸಿ. ಪಾಸ್‌ವರ್ಡ್ ಎಷ್ಟೇ ಆಪ್ತರಿಗೂ ಕೊಡಬೇಡಿ. ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡುವ ಪದ್ಧತಿ ಮೋಸ ತಡೆಯುತ್ತದೆ. ಜೊತೆಗೆ ನಿಮ್ಮ ಗಮನ ತಪ್ಪಿದ ಗಳಿಗೆಯನ್ನೂ ಕಾಯುತ್ತದೆ. ಸ್ನೇಹಕ್ಕೆ ಕಟ್ಟುಬಿದ್ದು ನೋಡದೇ ಒಪ್ಪಿಗೆ ಒತ್ತಿದರೆ ಸ್ನೇಹಿತನಿಗೇ ದ್ರೋಹ.

• ಹುಸಿನಗೆಯಲ್ಲಿ ದಿನ ದೂಡಬೇಡಿ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ, ಮನಸ್ಸಿನಲ್ಲಿಲ್ಲದ ನಗೆಯನ್ನು ಮುಖದ ಮೇಲೆ ಹೊತ್ತು ದುಡಿಯುವ ಗಗನಸಖಿಯರ ಬಳಲಿಕೆಯನ್ನು ದಾಖಲಿಸಿದರು. ಮುಖ ಸಿಂಗರಿಸುವುದಕ್ಕಿಂತ ಎದುರಿನವರ ಕಷ್ಟ ತಿಳಿಯಲು ಯತ್ನಿಸಿ. ಕೂಗಾಡುವ ರೈತನ ಬೆಳೆವಿಮೆ ಹಣ ಇನ್ನೂ ಖಾತೆಗೆ ಬಂದಿರುವುದಿಲ್ಲ, ನಾಳೆ ಮಗಳ ಕಾಲೇಜಿಗೆ ಫೀಸು ಕಟ್ಟಬೇಕಾಗಿರುತ್ತದೆ. ಅದು ಅರ್ಥವಾದರೆ ಮೆತ್ತನೆಯ ಮಾತು ತಾನಾಗಿ ಬರುತ್ತದೆ, ನಿಮಗೂ ಅಷ್ಟು ಆಯಾಸವಾಗುವುದಿಲ್ಲ.

• ಸಿಟ್ಟಿನಲ್ಲಿ ಆಡಿದ್ದನ್ನು ಅಂದೇ ಸರಿಪಡಿಸಿ. ‘ಬೆಳಿಗ್ಗೆ ಜೋರಾಗಿ ಮಾತಾಡಿಬಿಟ್ಟೆ, ಬೇಜಾರಾಗಬೇಡಿ’ ಎಂದರೆ ಸಾಕು. ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡವರ ನಡುವೆ ಕಡತ ಓಡಾಡುವುದಿಲ್ಲ.

• ಇಳಿತ ಏರದೇ ನಿಂತರೆ ನೆರವು ಪಡೆಯಿರಿ. ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಳೇ ಕಳೆದರೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ.

• ನಾಳೆ ಮ್ಯಾನೇಜರ್ ಆಗುವವರಿಗೆ ಇನ್ನೊಂದು ಮಾತು. ನಿಮ್ಮ ಏರಿಳಿತ ಇಡೀ ಶಾಖೆಗೆ ತಟ್ಟುತ್ತದೆ. ಸಾಹೇಬರ ಮುಖ ನೋಡಿ ಕಡತ ತರಬೇಕಾದ ಕಡೆ ಸಣ್ಣ ತಪ್ಪುಗಳು ಮುಚ್ಚಿಹೋಗಿ, ಆಡಿಟ್ ಬಂದಾಗ ದೊಡ್ಡದಾಗಿ ಹೊರಬೀಳುತ್ತವೆ. ಮಾರ್ಚ್ 31ರ ಲೆಕ್ಕ ಮುಗಿಸಲು ರಾತ್ರಿಯವರೆಗೆ ದುಡಿದವರನ್ನು ಮುಂದಿನ ದಿನಗಳಲ್ಲಿ ಜನ ತುಂಬಿದ ಕೌಂಟರಿಗೆ ದೂಡಬೇಡಿ, ಕೆಲಸ ಬದಲಿಸಿ ಕೊಡಿ. ಸದಾ ಚೆನ್ನಾಗಿ ದುಡಿಯುವ ಹುಡುಗಿಯೊಬ್ಬಳು ಏಕಾಏಕಿ ತಪ್ಪತೊಡಗಿದರೆ ಮೆಮೊ ಬರೆಯುವ ಮುಂಚೆ ಎದುರು ಕೂರಿಸಿಕೊಂಡು, ‘ಏನಮ್ಮಾ, ಮನೆಯಲ್ಲಿ ಎಲ್ಲ ಸರಿಯಿದೆಯಾ?’ ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ತೀರ್ಮಾನಿಸಿ.