ಸೈಜು ಆಮೇಲೆ ಕೇಳು

ನೋಡಪ್ಪಾ, ಹಳೇ ರಬ್ಬರ್ ಓರಿಂಗನ್ನು ಅಂಗಡಿ ಗಲ್ಲಾದ ಮೇಲಿಟ್ಟು "ಇದೇ ಸೈಜು ಕೊಡಿ" ಅಂತೀಯಲ್ಲ, ಕೆಲಸ ಕೆಡೋದು ಅಲ್ಲೇ. ಎಣ್ಣೆ ಕುಡಿದು ಉಬ್ಬಿದ ರಿಂಗು ತನ್ನ ನಿಜವಾದ ಅಳತೆ ಹೇಳಲ್ಲ. ಅಳೆಯೋದಾದರೆ ಅದು ಕೂರುವ ತೋಡನ್ನು ಅಳತೆ ಮಾಡು. ಅದಕ್ಕೂ ಮೊದಲು, ಈ ರಿಂಗು ಯಾವುದರಲ್ಲಿ ನೆನೆಯುತ್ತೆ ಅಂತ ಕೇಳಿಕೋ.

ಕಪ್ಪಗಿರೋದೆಲ್ಲ ಒಂದೇ ರಬ್ಬರಲ್ಲ. ಡೀಸೆಲ್, ಇಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ಇರೋ ಕಡೆ ನೈಟ್ರೈಲ್; ಸುಮಾರು 100 ಡಿಗ್ರಿವರೆಗೆ ತಡೆಯುತ್ತೆ. ನೀರು, ಹಬೆ, ಬಿಸಿಲಿಗೆ ಇಪಿಡಿಎಂ. ಆದರೆ ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತೆ.

ಹಿರಿಯೂರಿನ ಹೈವೇ ಬದಿ ಗ್ಯಾರೇಜಿಗೆ ಸೇರುತ್ತೀಯಂತೆ, ಅದಕ್ಕೇ ಇದನ್ನು ಒತ್ತಿ ಹೇಳ್ತೀನಿ. ಬ್ರೇಕ್ ಆಯಿಲ್ ಅಂತ ಕರೆದರೂ ಅದು ಇಂಜಿನ್ ಆಯಿಲ್ ಜಾತಿಯದಲ್ಲ, ಗ್ಲೈಕಾಲ್. ಪಿಕಪ್ಪಿನ ವೀಲ್ ಸಿಲಿಂಡರ್, ಲಾರಿಯ ಕ್ಲಚ್ ಸಿಲಿಂಡರ್ ಬಿಚ್ಚಿದಾಗ ಅದರ ರಬ್ಬರನ್ನು ಡೀಸೆಲ್ಲಿನಲ್ಲಿ ಅದ್ದಿ ತೊಳೆಯೋ ಹುಡುಗರಿದ್ದಾರೆ. ಡೀಸೆಲ್ ತಾಳದ ಆ ರಬ್ಬರ್ ಊದಿಕೊಂಡು ಪಿಸ್ಟನ್ ಹಿಡಿದುಕೊಳ್ಳುತ್ತೆ, ಬ್ರೇಕ್ ಬಿಡೋದೇ ಇಲ್ಲ. ತಪ್ಪು ಗೊತ್ತಾಗೋ ಹೊತ್ತಿಗೆ ಗಾಡಿ ರಸ್ತೆ ಮೇಲಿರುತ್ತೆ. ಬ್ರೇಕ್ ಆಯಿಲ್ಲಿನಲ್ಲೇ ತೊಳಿ, ಸ್ವಲ್ಪ ಖರ್ಚಾದರೂ ಆಗಲಿ.

ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟದಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ. ಡ್ರಿಪ್ ಫಿಲ್ಟರಿನ ಮುಚ್ಚಳ ಬಿಗಿಯಾಯ್ತು ಅಂತ ರಿಂಗಿಗೆ ಟ್ರ್ಯಾಕ್ಟರ್ ಗ್ರೀಸ್ ಬಳಿಯೋದು. ಅಲ್ಲಿರೋದು ಇಪಿಡಿಎಂ ಆದರೆ ಆ ಗ್ರೀಸೇ ಅದನ್ನು ತಿನ್ನುತ್ತೆ. ಸೋಪಿನ ನೀರು ಸಾಕು, ಇಲ್ಲವೇ ಸಿಲಿಕೋನ್ ಗ್ರೀಸ್. ಎಣ್ಣೆ ತುಂಬಿದ ಸಬ್‌ಮರ್ಸಿಬಲ್ ಮೋಟರಿನದು ಬೇರೆ ಲೆಕ್ಕ: ಒಳಗೆ ಎಣ್ಣೆ, ಹೊರಗೆ ನೀರು. ಎರಡನ್ನೂ ತಾಳಬೇಕಾದ್ದರಿಂದ ಅಲ್ಲಿ ನೈಟ್ರೈಲ್.

ದುಬಾರಿ ವೈಟಾನ್ ರಬ್ಬರ್ ಹಾಕಿಬಿಟ್ಟರೆ ಚಿಂತೆಯಿಲ್ಲ ಅನ್ನೋರ ಮಾತು ನಂಬಬೇಡ. ಬಿಸಿ ಇಂಜಿನ್ ಆಯಿಲ್ಲಿಗೆ ಅದು ಒಳ್ಳೇದು, ಸುಮಾರು 200 ಡಿಗ್ರಿ ತಡೆಯುತ್ತೆ. ಗ್ಲೈಕಾಲ್ ಬ್ರೇಕ್ ಆಯಿಲ್ಲಿಗೆ ಆಗಲ್ಲ, ಹಬೆಗೂ ಸಾಮಾನ್ಯ ವೈಟಾನ್ ಸರಿಯಲ್ಲ. ಚಳಿಗೆ ಬಿರುಸಾಗುತ್ತೆ ಬೇರೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಒಡೆದು 7 ಜನ ಸತ್ತರಲ್ಲ, ಅದರ ಬೂಸ್ಟರ್ ರಾಕೆಟ್ಟಿನ ಓರಿಂಗು ಇದೇ ಜಾತಿಯದು. ಅವತ್ತಿನ ಚಳಿಗೆ ಅದರ ಪುಟಿಯೋ ಗುಣ ಕುಗ್ಗಿತ್ತು. ಚಿತ್ರದುರ್ಗದಲ್ಲಿ ಅಂಥ ಚಳಿ ಎಲ್ಲಿ ಬಂತು! ನಮಗೆ ಕಾಟ ಕೊಡೋದು ಬಿಸಿಲು, ಧೂಳು.

ಯಾವ ರಬ್ಬರ್ ಅಂತ ತಿಳಿಯದೇ ಹೋದರೆ ಅಂದಾಜು ಕಟ್ಟಬೇಡ. ರಿಂಗನ್ನು ಅಳೆದು, ಅದು ಕೂರೋ ಜಾಗದ ದ್ರವದಲ್ಲೇ ಒಂದು ರಾತ್ರಿ ನೆನೆಹಾಕಿ ಬೆಳಗ್ಗೆ ಮತ್ತೆ ಅಳೆ. ಉಬ್ಬಿದ್ದರೆ ಬಿಸಾಕು. ಉಬ್ಬಿಲ್ಲ ಅಂದಮಾತ್ರಕ್ಕೆ ಪಾಸಾಯ್ತು ಅಂದ್ಕೋಬೇಡ, ಬಿಸಿಯಲ್ಲಿ ಬೇರೆ ಬುದ್ಧಿ ತೋರಿಸಬಹುದು. ಅಂಗಡಿ ಮುಂದೆ ಬಿಸಿಲಲ್ಲಿ ದಾರಕ್ಕೆ ಪೋಣಿಸಿ ನೇತುಹಾಕಿದ ನೈಟ್ರೈಲ್ ತಗೋಬೇಡ. ಬಗ್ಗಿಸಿ ನೋಡು, ಸಣ್ಣ ಬಿರುಕು ಕಾಣುತ್ತೆ. ತಂದದ್ದನ್ನು ಕವರಿನಲ್ಲಿ ಹಾಕಿ, ಮೇಲೆ ರಬ್ಬರಿನ ಹೆಸರು ಬರೆದು, ವೆಲ್ಡಿಂಗ್ ಮಾಡೋ ಜಾಗದಿಂದ ದೂರ ಡಬ್ಬದಲ್ಲಿಡು.