ನಮ್ಮ ಮಳೆ ಯಾವ ಕಡಲಿನದು?

ಭೂಪಟವನ್ನು ಬಿಡಿಸಿ, ಉಡುಪಿಯಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆಯೋಣ. ಆ ಗೆರೆ ಕರಾವಳಿಯ ಅಡಿಕೆ ತೋಟಗಳನ್ನು ದಾಟಿ, ಘಟ್ಟ ಹತ್ತಿ, ಚಿಕ್ಕಮಗಳೂರಿನ ಕಾಫಿ ಸೀಮೆಯನ್ನು ಹಾದು, ಬಯಲಿಗಿಳಿದು, ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಬಳಿ ಸಾಗಿ, ಕೊನೆಗೆ ಚೆನ್ನೈಗೆ ತುಸು ಉತ್ತರದಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಗೆರೆಯ ಸಮೀಪದಲ್ಲೇ ಇರುವ ಆಗುಂಬೆಯಲ್ಲಿ 7,000 ಮಿ.ಮೀ.ಗೂ ಹೆಚ್ಚು. ಜಂಗಮಕೋಟೆಯ ಸೀಮೆಯಲ್ಲಾದರೋ 700ರ ಆಸುಪಾಸು. ಬಿಸಿಲು ಒಂದೇ, ಅಕ್ಷಾಂಶವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಕಡೆ ಕಾಫಿ, ಅಡಿಕೆ; ಇನ್ನೊಂದು ಕಡೆ ರಾಗಿ, ಹಿಪ್ಪುನೇರಳೆ. ಇದಕ್ಕೆ ಕಾರಣವನ್ನು ಅರಿತರೆ ತೋಟದ ಕೆಲಸಕ್ಕೂ ಅನುಕೂಲವಾದೀತು.

ಗಾಳಿ ಹುಟ್ಟುವ ಬಗೆ

ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಡಲು ಹಾಗಲ್ಲ, ನಿಧಾನವಾಗಿ ಕಾದು, ಕಾವನ್ನು ಬಹುಕಾಲ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ನಮ್ಮ ದೇಶದ ನೆಲ ಕಾದು, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಅಲ್ಲಿ ವಾಯುಭಾರ ಕಡಿಮೆಯಾಗುತ್ತದೆ. ಆಗ ಮಡಗಾಸ್ಕರ್ ದ್ವೀಪದ ಪೂರ್ವ, ಆಗ್ನೇಯ ಭಾಗದ ಸಾಗರದ ಮೇಲೆ ವಾಯುಭಾರ ಹೆಚ್ಚಾಗಿರುತ್ತದೆ. ಅಲ್ಲಿಂದ ಹೊರಟ ಗಾಳಿ ಸಮಭಾಜಕವೃತ್ತವನ್ನು ದಾಟಿದ ಮೇಲೆ ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ಆವಿಯನ್ನು ಹೊತ್ತು ನೈಋತ್ಯದಿಂದ ಬೀಸುತ್ತದೆ. ಇದೇ ನಮ್ಮ ಮುಂಗಾರು.

ಘಟ್ಟದ ಆಚೆ, ಈಚೆ

ಈ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿದಂತೆ ತಣ್ಣಗಾಗಿ, ಆವಿ ನೀರಾಗಿ ಸುರಿಯುತ್ತದೆ. ಘಟ್ಟದ ನೆತ್ತಿ ದಾಟಿ ಇಳಿಯುವಾಗ ಅದೇ ಗಾಳಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ತೇವವನ್ನು ಬಿಟ್ಟುಕೊಡದು. ಆದ್ದರಿಂದ ಆರಿದ್ರ, ಪುನರ್ವಸು ಮಳೆಗಳಲ್ಲಿ ಮಲೆನಾಡು ತೊಯ್ಯುವಾಗ ಜಂಗಮಕೋಟೆಯಲ್ಲಿ ಬರೀ ಮೋಡ, ಬರೀ ಗಾಳಿ. ಇದಕ್ಕೆ ಮಳೆನೆರಳು ಎನ್ನುತ್ತಾರೆ.

ಕೆಲವೊಮ್ಮೆ ಮುಂಗಾರಿನ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿಯುತ್ತದೆ. ಆಗ ಮಲೆನಾಡಿನಲ್ಲಿ ಮಳೆ ಹೊಳವಾಗುತ್ತದೆ. ಪೂರ್ವದ ಬಯಲಿನಲ್ಲಿ ಸಂಜೆಯ ಗುಡುಗು ಮಳೆ ಹೆಚ್ಚುತ್ತದೆ. ಒಬ್ಬರ ಬಿಡುವು ಇನ್ನೊಬ್ಬರ ಬಿತ್ತನೆಗೆ ಹದ!

ಬಂಗಾಳ ಕೊಲ್ಲಿಯ ಪಾಲು

ಜಂಗಮಕೋಟೆಗೆ ಅರಬ್ಬೀ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯೇ ಹತ್ತಿರ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಒಳ್ಳೆಯ ಮಳೆಯ ಕಾಲ. ಅಕ್ಟೋಬರಿನಲ್ಲಿ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಇನ್ನೂ ಬೆಚ್ಚಗಿರುವ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟಿ ಪಶ್ಚಿಮಕ್ಕೆ ನಡೆಯುತ್ತವೆ.

2021ರ ನವೆಂಬರನ್ನು ಮರೆಯುವಂತಿಲ್ಲ. 11ರಂದು ಒಂದು ವಾಯುಭಾರ ಕುಸಿತ ಚೆನ್ನೈ ಬಳಿ, 19ರಂದು ಇನ್ನೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ದಡ ಸೇರಿದವು. ವಿಶಾಖ ಮಳೆಯ ಆ ದಿನಗಳಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಕೆರೆಗಳು ಕೋಡಿ ಹರಿದವು. ಕೊಯ್ಲಿಗೆ ನಿಂತ ರಾಗಿ ನೆಲಕಚ್ಚಿತು. ಅದೇ ತಿಂಗಳು ಮಲೆನಾಡಿನಲ್ಲಿ ಹಣ್ಣಾದ ಅರೇಬಿಕಾ ಬಿರಿದು ಉದುರಿತು. ಕಣದಲ್ಲಿ ಹರಡಿದ ಕಾಫಿ ಒಣಗಲಿಲ್ಲ. ಮುಂಗಾರಿನಲ್ಲಿ ಬೇರೆ ಬೇರೆಯಾದ ಎರಡು ಸೀಮೆಗಳು ಹಿಂಗಾರಿನಲ್ಲಿ ಒಂದೇ ಕಡಲಿಗೆ ಸಿಕ್ಕಿಬಿದ್ದವು.

ದೂರದ ಸಾಗರದ ಕೈವಾಡ

ದಕ್ಷಿಣ ಅಮೆರಿಕದ ಪೆರು ದೇಶದ ತೀರದಿಂದ ಪಶ್ಚಿಮಕ್ಕೆ ಹರಡಿದ ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಲ್ಲಿ ವಾಡಿಕೆಗಿಂತ ಹೆಚ್ಚು ಬೆಚ್ಚಗಾಗುತ್ತದೆ. ಇದಕ್ಕೆ ಎಲ್ ನಿನ್ಯೋ ಎಂದು ಹೆಸರು. ಆಗ ಮೋಡ ಕಟ್ಟುವ ತಾಣಗಳು ಸ್ಥಾನ ಬದಲಿಸಿ, ನಮ್ಮ ಮುಂಗಾರು ಸಾಮಾನ್ಯವಾಗಿ ದುರ್ಬಲವಾಗುತ್ತದೆ. 2023ರಲ್ಲಿ ಹಾಗಾಯಿತು, ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಆದರೆ ಎಲ್ ನಿನ್ಯೋ ಎಂದಾಕ್ಷಣ ಬರ ಎಂದು ಕೈಚೆಲ್ಲಬಾರದು. 1997ರ ಎಲ್ ನಿನ್ಯೋ ಬಹಳ ಬಲವಾಗಿತ್ತು, ಆದರೂ ದೇಶದ ಮುಂಗಾರು ವಾಡಿಕೆಯಂತೆಯೇ ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವ ಭಾಗಕ್ಕಿಂತ ಬೆಚ್ಚಗಾಗಿ ನಮ್ಮ ಮಳೆಗೆ ನೆರವಾಯಿತೆಂದು ತಜ್ಞರು ಹೇಳುತ್ತಾರೆ.

ಇದರ ಜೊತೆಗೆ ಸಾಗರವೇ ಕಾಯುತ್ತಿದೆ. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತಿದೆ.

ತೋಟದಲ್ಲಿ ಇದರ ಉಪಯೋಗ

1. ಮುಂಗಾರಿಗೆ ಮೊದಲೇ ಅಡಿಕೆಗೆ ಒಂದು ಸಲ ಬೋರ್ಡೋ ದ್ರಾವಣ ಹೊಡೆದಿರಬೇಕು. ಎರಡನೆಯ ಸಿಂಪಡಣೆಗೆ 40–45 ದಿನಗಳ ನಂತರದ ಹೊಳವನ್ನು ಕಾದು, ಮೈಲುತುತ್ತು, ಸುಣ್ಣಗಳನ್ನು ಸಿದ್ಧವಾಗಿಟ್ಟುಕೊಳ್ಳೋಣ. ಕೊಳೆರೋಗ ನಮಗಾಗಿ ಕಾಯುವುದಿಲ್ಲ.

2. ಅಕ್ಟೋಬರಿನಿಂದ ಕಿವಿ ಪೂರ್ವದ ಕಡೆಗಿರಲಿ. ಚೆನ್ನೈ ಕಡೆ ವಾಯುಭಾರ ಕುಸಿತದ ಸುದ್ದಿ ಬಂದರೆ ನಮ್ಮ ಕಣಕ್ಕೂ ಮೋಡ ಬಂದೀತೆಂದು ತಿಳಿದು, ಹಣ್ಣಾದುದನ್ನು ಬೇಗ ಕೊಯ್ದು, ಹೊದಿಕೆ ಅಣಿಮಾಡಿಕೊಳ್ಳಬೇಕು.

3. ಎಲ್ ನಿನ್ಯೋ ಮುನ್ಸೂಚನೆ ಇದ್ದ ವರ್ಷ ಕೆರೆ, ಹೊಂಡದ ನೀರನ್ನು ಮುಂದಿನ ಬೇಸಿಗೆಗೆ ಉಳಿಸಿಕೊಳ್ಳೋಣ. ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಆ ನೀರೇ ಗತಿ.

4. ಪ್ರತಿ ತೋಟದಲ್ಲೂ ಒಂದು ಮಳೆಮಾಪಕವಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ. ಪಕ್ಕದಲ್ಲಿ ಗಾಳಿಯ ದಿಕ್ಕನ್ನೂ ಗುರುತಿಸಿ. ನಾಲ್ಕಾರು ವರ್ಷಗಳಲ್ಲಿ ನಮ್ಮ ತೋಟಕ್ಕೆ ಯಾವ ಕಡಲು ಎಷ್ಟು ಕೊಡುತ್ತದೆಂಬ ಲೆಕ್ಕ ಪುಸ್ತಕದಲ್ಲೇ ಸಿಗುತ್ತದೆ.