ಮನೆಯ ಗಣಕಯಂತ್ರವೂ ಹೊರಗಿನ ಕಣ್ಣುಗಳೂ

ನಮ್ಮ ಕಾಸರಗೋಡಿನ ಕಡೆಯ ಅನೇಕ ಮನೆಗಳಲ್ಲಿ ಗಣಕಯಂತ್ರವು ಈಗ ಓದಿನ ಮೇಜಿನ ಮೇಲೆ ಬಂದು ಕುಳಿತಿದೆ. ಮಕ್ಕಳು ಪಾಠದ ವಿಷಯಗಳನ್ನು ಹುಡುಕುವುದಕ್ಕೂ, ಹಿರಿಯರು ಅಡಕೆಯ ಧಾರಣೆಯನ್ನು ನೋಡುವುದಕ್ಕೂ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬುವುದಕ್ಕೂ, ಪರವೂರಿನಲ್ಲಿರುವ ಮಕ್ಕಳೊಡನೆ ಮಾತನಾಡುವುದಕ್ಕೂ ಅದೊಂದೇ ಸಾಧನ. ಅದರಲ್ಲಿ ತೆರೆಯುವ ಪುಟಗಳನ್ನು ಜಾಹೀರಾತುಗಳು ಮುತ್ತಿಕೊಂಡಿರುವುದನ್ನು ಎಲ್ಲರೂ ಬಲ್ಲರು. ಆದರೆ ಅವು ಕೇವಲ ಕಣ್ಣಿಗೆ ಕಿರಿಕಿರಿಯೆಂದು ಬಗೆದು ಸುಮ್ಮನಾಗುವವರೇ ಹೆಚ್ಚು. ಅವುಗಳ ಬೆನ್ನಿಗೆ ನಡೆಯುವ ವ್ಯವಹಾರವೇನು, ಅದರಿಂದ ಮನೆಯವರ ಖಾಸಗಿ ಬದುಕಿಗೆ ಒದಗುವ ಬಾಧೆ ಯಾವುದು, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ವೃತ್ತಪತ್ರಿಕೆಯ ಜಾಹೀರಾತನ್ನು ತೆಗೆದುಕೊಳ್ಳೋಣ. ಬೆಳಗ್ಗೆ ಮನೆಗೆ ಬರುವ ಪತ್ರಿಕೆಯಲ್ಲಿ ಒಂದು ಜವಳಿ ಅಂಗಡಿಯ ಜಾಹೀರಾತಿದೆಯೆನ್ನಿರಿ. ಮಂಜೇಶ್ವರದ ಓದುಗನಿಗೂ ಕುಂಬಳೆಯ ಓದುಗನಿಗೂ ಅದು ಒಂದೇ. ನಾವು ಅದನ್ನು ಓದಿದೆವೋ, ಮಡಿಸಿಟ್ಟೆವೋ, ಅದರಲ್ಲಿ ಪೊಟ್ಟಣ ಕಟ್ಟಿದೆವೋ, ಅಂಗಡಿಯವನಿಗೆ ತಿಳಿಯದು. ಜಾಲದ ಜಾಹೀರಾತು ಈ ಜಾತಿಯದಲ್ಲ. ನಾವು ಅದನ್ನು ಓದುವುದಕ್ಕೆ ಮೊದಲೇ ಅದು ನಮ್ಮನ್ನು ಓದಿರುತ್ತದೆ. ಇಡೀ ವಿಷಯದ ತಿರುಳು ಇದೇ.

ಇದು ಹೇಗೆ ಸಾಧ್ಯವೆಂದರೆ, ಒಂದು ಜಾಲತಾಣದ ಪುಟವು ಒಂದೇ ಕಡೆಯಿಂದ ಬರುವ ವಸ್ತುವಲ್ಲ. ನಾವು ಒಂದು ಸುದ್ದಿಯ ಪುಟವನ್ನು ತೆರೆದಾಗ ಅದರ ಅಕ್ಷರಗಳು ಆ ಪತ್ರಿಕೆಯವರ ಯಂತ್ರದಿಂದ ಬರುತ್ತವೆ. ಪುಟದೊಳಗೆ ಅಡಗಿಸಿಟ್ಟ ಸೂಚನೆಗಳಿಗೆ ಅನುಸಾರವಾಗಿ ನಮ್ಮ ಬ್ರೌಸರು ಹತ್ತಾರು ಬೇರೆ ಸಂಸ್ಥೆಗಳ ಯಂತ್ರಗಳನ್ನೂ ಕರೆಯುತ್ತದೆ. ಹಾಗೆ ಕರೆಯುವಾಗಲೆಲ್ಲ ನಮ್ಮ ಸಂಪರ್ಕದ ವಿಳಾಸವೂ, ನಾವು ಬಳಸುವ ಬ್ರೌಸರಿನ ವಿವರವೂ, ಅನೇಕ ವೇಳೆ ನಾವು ಓದುತ್ತಿರುವ ಪುಟ ಯಾವುದೆಂಬುದೂ ಅವರಿಗೆ ತಲಪುತ್ತವೆ. ಆಮೇಲೆ ಒಂದು ಹರಾಜು ನಡೆಯುತ್ತದೆ. ಈ ಓದುಗನ ಕಣ್ಣಿನ ಮುಂದಿರುವ ಖಾಲಿ ಜಾಗಕ್ಕೆ ಎಷ್ಟು ಕೊಡುವಿರಿ ಎಂದು ಯಂತ್ರಗಳೇ ಕೂಗಿ, ಯಂತ್ರಗಳೇ ಬೆಲೆ ಹೇಳಿ, ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ವ್ಯಾಪಾರ ಮುಗಿದುಹೋಗುತ್ತದೆ. ಅಡಕೆಯ ಏಲಂ ನೋಡಿದವರಿಗೆ ಇದು ಹೊಸದಲ್ಲ. ಇಲ್ಲಿ ಏಲಮಿಗೆ ಇಟ್ಟ ಸರಕು ಮಾತ್ರ ನಾವೇ.

ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ೧೯೯೪ನೆಯ ಇಸವಿ ಅಕ್ಟೋಬರ್ ೨೭ರಂದು ಪಟ್ಟಿಯಾಕಾರದ ಮೊದಲ ಜಾಹೀರಾತುಗಳು ಕಾಣಿಸಿಕೊಂಡವು. ಅದೇ ವರ್ಷ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಂಟುಲ್ಲಿ ಎಂಬವರು ಕುಕಿ ಎಂಬ ಸಣ್ಣ ಗುರುತುಚೀಟಿಯನ್ನು ಕಂಡುಹಿಡಿದರು. ಅದರ ಉದ್ದೇಶ ನಿರ್ದೋಷವಾಗಿಯೇ ಇದ್ದಿತು. ಜಾಲದ ಅಂಗಡಿಯಲ್ಲಿ ಗಿರಾಕಿಯು ಆರಿಸಿಟ್ಟ ಸಾಮಾನು ಯಾವುವೆಂಬುದನ್ನು ಆ ಅಂಗಡಿಯು ನೆನಪಿಡಬೇಕು, ಅಷ್ಟೇ. ಕಾಲಕ್ರಮದಲ್ಲಿ ಜಾಹೀರಾತಿನ ಸಂಸ್ಥೆಗಳು ಆ ಚೀಟಿಯನ್ನೇ ತಮ್ಮ ಕೆಲಸಕ್ಕೆ ಹಚ್ಚಿಕೊಂಡವು. ಸಂತೆಗೆ ಹೋದವನ ಬೆನ್ನಿಗೆ ಚೀಟಿಯೊಂದನ್ನು ಅಂಟಿಸಿ, ಪ್ರತಿಯೊಂದು ಅಂಗಡಿಯ ಬಾಗಿಲಲ್ಲಿಯೂ ತಮ್ಮ ಆಳೊಬ್ಬನನ್ನು ನಿಲ್ಲಿಸಿ, ಆ ಚೀಟಿಯವನು ಇಲ್ಲಿ ಬೆಲ್ಲ ಕೇಳಿದ, ಅಲ್ಲಿ ಕಷಾಯದ ಪುಡಿ ಕೇಳಿದ ಎಂದು ಒಂದೇ ಪುಸ್ತಕದಲ್ಲಿ ಬರೆಸಿಕೊಂಡರೆ ಹೇಗಿದ್ದೀತೋ ಹಾಗೆ. ಅಂಗಡಿಗಳು ಬೇರೆ ಬೇರೆ, ಪುಸ್ತಕ ಮಾತ್ರ ಒಂದು. ಇದನ್ನು ಮೂರನೆಯವರ ಕುಕಿ ಎನ್ನುತ್ತಾರೆ.

ಈ ಪುಸ್ತಕ ಬರೆಯುವವರ ಜಾಣತನಕ್ಕೂ ಒಂದು ಮಿತಿಯುಂಟು. ಕನ್ನಡದ ಪುಟವನ್ನೇ ತೆರೆದರೂ ನಮ್ಮ ಊರುಗಳಲ್ಲಿ ಅದರ ಪಕ್ಕದಲ್ಲಿ ಮಲೆಯಾಳದ ಜಾಹೀರಾತು ಬರುವುದುಂಟು. ಸಂಪರ್ಕದ ವಿಳಾಸದಿಂದ ನಾವು ಕೇರಳದಲ್ಲಿರುವೆವೆಂದು ಅವರು ಊಹಿಸುತ್ತಾರೆ, ಮನೆಯ ಮಾತು ಯಾವುದೆಂದು ತಿಳಿಯರು. ಗಡಿನಾಡಿನವರಾದ ನಮಗೆ ಇಂತಹ ಅಳತೆ ಹೊಸದೇನೂ ಅಲ್ಲವಷ್ಟೆ!

ನಗುವ ವಿಷಯವಲ್ಲದ ಒಂದು ಸಂದರ್ಭವನ್ನು ಈಗ ಭಾವಿಸೋಣ. ಮನೆಯಲ್ಲಿ ಇರುವುದು ಒಂದೇ ಯಂತ್ರ. ತಾಯಿಯು ರಾತ್ರಿ ಎಲ್ಲರೂ ಮಲಗಿದ ಮೇಲೆ ತನಗೆ ಬಂದಿರಬಹುದೆಂದು ಸಂದೇಹವಿರುವ ಒಂದು ಕಾಯಿಲೆಯ ವಿಷಯವಾಗಿ ನಾಲ್ಕು ಪುಟಗಳನ್ನು ಓದುತ್ತಾಳೆ. ವೈದ್ಯರನ್ನು ಕಂಡಿಲ್ಲ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬೆಳಗ್ಗೆ ಮಗನು ಸಮಾಜಶಾಸ್ತ್ರದ ಪಾಠಕ್ಕೆಂದು ಕುಳಿತಾಗ ಪುಟದ ಬಲಗಡೆಯಲ್ಲಿ ಆ ಕಾಯಿಲೆಯ ಚಿಕಿತ್ಸೆಯ ಜಾಹೀರಾತು ಬಂದು ನಿಲ್ಲುತ್ತದೆ. ಆಕೆ ಹೇಳಬೇಕೆಂದಿದ್ದ ಹೊತ್ತಿಗೆ, ಆಕೆ ಹೇಳಬೇಕೆಂದಿದ್ದ ರೀತಿಯಲ್ಲಿ ಹೇಳುವ ಅಧಿಕಾರ ಆಕೆಯ ಕೈತಪ್ಪಿತು. "ಬಚ್ಚಿಡುವಂತಹದು ನಮ್ಮಲ್ಲೇನಿದೆ?" ಎಂದು ಕೇಳುವವರಿಗೆ ನಾವು ಈ ಉದಾಹರಣೆಯನ್ನೇ ಮುಂದಿಡುತ್ತೇವೆ. ಖಾಸಗಿತನವೆಂದರೆ ಕಳ್ಳತನವನ್ನು ಮುಚ್ಚಿಡುವುದಲ್ಲ. ತನ್ನ ಮಾತನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದನ್ನು ತಾನೇ ನಿರ್ಣಯಿಸುವುದು.

ಇನ್ನೊಂದು ಅಪಾಯವು ಹಣಕಾಸಿನದು. ಜಾಹೀರಾತು ಹರಾಜಿನಲ್ಲಿ ಬರುವುದರಿಂದ ಪುಟದ ಯಜಮಾನನಿಗೇ ತನ್ನ ಪುಟದಲ್ಲಿ ಏನು ಕಾಣಿಸಿಕೊಳ್ಳುವುದೆಂದು ಮುಂಚಿತವಾಗಿ ತಿಳಿದಿರುವುದಿಲ್ಲ. ೨೦೧೬ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿ.ಬಿ.ಸಿ.ಯಂತಹ ಗೌರವಸ್ಥ ತಾಣಗಳ ಪುಟಗಳಲ್ಲಿಯೂ ದುಷ್ಟ ಜಾಹೀರಾತುಗಳು ಸೇರಿಕೊಂಡು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶವನ್ನು ಓದುಗರ ಯಂತ್ರಗಳಿಗೆ ಸಾಗಿಸಲು ಯತ್ನಿಸಿದವು. ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಎದುರಾಗುವುದು ಸುಳ್ಳು ಗುಂಡಿಯ ಮೋಸ. ಹಳೆಯ ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಳ್ಳಲು ಹೋದರೆ ಪುಟದಲ್ಲಿ ಡೌನ್‌ಲೋಡ್ ಎಂಬ ದೊಡ್ಡ ಹಸಿರು ಗುಂಡಿಗಳು ಮೂರು ನಾಲ್ಕು ಕಾಣುತ್ತವೆ; ಅವುಗಳಲ್ಲಿ ನಿಜವಾದುದು ಸಣ್ಣ ಅಕ್ಷರದ ಒಂದು, ಮಿಕ್ಕವು ಜಾಹೀರಾತು. ಹುಡುಕುವ ಪುಟದ ನೆತ್ತಿಯ ಮೇಲೆ ಬ್ಯಾಂಕಿನ ಹೆಸರು ಹೊತ್ತು ಬರುವ ಸುಳ್ಳು ವಿಳಾಸಗಳೂ ಹೀಗೆಯೇ. ಅಮೆರಿಕದ ಎಫ್.ಬಿ.ಐ. ಪೊಲೀಸರೇ ೨೦೨೨ರ ಡಿಸೆಂಬರಿನಲ್ಲಿ ಇಂತಹ ಮೋಸದ ವಿಷಯವಾಗಿ ಎಚ್ಚರಿಕೆ ಕೊಟ್ಟು, ಜಾಲದಲ್ಲಿ ಹುಡುಕುವಾಗ ಜಾಹೀರಾತು ತಡೆಯುವ ಸಾಧನವನ್ನು ಬಳಸಿರಿ ಎಂದು ಜನರಿಗೆ ಸಲಹೆ ಮಾಡಿದರು.

ಆ ಸಾಧನದ ಕೆಲಸ ಸರಳವಾದುದು. ಜಾಹೀರಾತಿನವರೂ ಜಾಡು ಹಿಡಿಯುವವರೂ ಬಳಸುವ ವಿಳಾಸಗಳ ದೊಡ್ಡ ಪಟ್ಟಿಗಳನ್ನು ಅನೇಕ ದೇಶಗಳ ಸ್ವಯಂಸೇವಕರು ಸಿದ್ಧಪಡಿಸಿ ದಿನದಿನವೂ ತಿದ್ದುತ್ತಿರುತ್ತಾರೆ. ಈಸಿಲಿಸ್ಟ್ ಎಂಬ ಹೆಸರಾಂತ ಪಟ್ಟಿಯನ್ನು ೨೦೦೫ರಲ್ಲಿ ರಿಕ್ ಪೆಟ್ನೆಲ್ ಎಂಬವರು ಆರಂಭಿಸಿದರು. ಪುಟವು ಯಾರನ್ನಾದರೂ ಕರೆ ಎಂದು ಬ್ರೌಸರಿಗೆ ಹೇಳಿದಾಗ, ತಡೆಯುವ ಸಾಧನವು ಆ ಹೆಸರನ್ನು ಪಟ್ಟಿಯಲ್ಲಿ ನೋಡಿ, ಇದ್ದರೆ ಕರೆಯನ್ನೇ ನಿಲ್ಲಿಸಿಬಿಡುತ್ತದೆ. ಚಿತ್ರವನ್ನು ಬಟ್ಟೆಯಿಂದ ಮುಚ್ಚಿದಂತಲ್ಲ ಇದು. ಆಳು ಬಾಗಿಲಿಗೇ ಬಾರದಂತೆ ಮಾಡಿದ ಹಾಗೆ. ಆದುದರಿಂದ ಜಾಹೀರಾತೂ ಬರುವುದಿಲ್ಲ, ಆ ದಾರಿಯಾಗಿ ನಮ್ಮ ಸುದ್ದಿಯೂ ಹೊರಗೆ ಹೋಗುವುದಿಲ್ಲ, ಪುಟವು ಬೇಗನೆ ತೆರೆಯುತ್ತದೆ, ದಿನದ ಡೇಟಾ ಕೂಡ ಉಳಿಯುತ್ತದೆ.

ಇಂತಹ ಸಾಧನಗಳಲ್ಲಿ ಯುಬ್ಲಾಕ್ ಒರಿಜಿನ್ ಎಂಬುದನ್ನು ನಾವು ಮೇಲೆಂದು ಎಣಿಸುತ್ತೇವೆ. ರೇಮಂಡ್ ಹಿಲ್ ಎಂಬವರು ೨೦೧೪ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ಅವರು ದೇಣಿಗೆಯನ್ನು ಸಹ ಸ್ವೀಕರಿಸುವುದಿಲ್ಲ. ಬೇರೆ ಕೆಲವು ಸಾಧನಗಳು ದೊಡ್ಡ ಜಾಹೀರಾತು ಸಂಸ್ಥೆಗಳಿಂದ ಹಣ ಪಡೆದು ಅವರ ಕೆಲವು ಜಾಹೀರಾತುಗಳನ್ನು ಒಳಗೆ ಬಿಡುವುದುಂಟು. ಕಾವಲುಗಾರನು ಕಳ್ಳನಿಂದಲೂ ಸಂಬಳ ಪಡೆದಂತಾಯಿತೆಂದು ಪೂರ್ತಿಯಾಗಿ ಹೇಳಲಾಗದಿದ್ದರೂ, ಒಪ್ಪತಕ್ಕ ಏರ್ಪಾಡೆಂದು ನಮಗೆ ತೋರುವುದಿಲ್ಲ.

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಒದಗಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಫೈರ್‌ಫಾಕ್ಸ್ ಬ್ರೌಸರು ಪರಿಚಿತವಾದುದು. ಮನೆಯ ಯಂತ್ರದಲ್ಲಿಯೂ ಅದನ್ನೇ ಹಾಕಿಕೊಳ್ಳುವುದು ಉತ್ತಮ. ಅದರ ಮೇಲುಗಡೆ ಬಲಮೂಲೆಯಲ್ಲಿರುವ ಮೂರು ಗೆರೆಗಳನ್ನು ಒತ್ತಿ, ಆಡ್-ಆನ್ಸ್ ಎಂಬಲ್ಲಿಗೆ ಹೋಗಿ, ಯುಬ್ಲಾಕ್ ಒರಿಜಿನ್ ಎಂದು ಹುಡುಕಬೇಕು. ಹೋಲುವ ಹೆಸರಿನ ಬೇರೆ ಸಾಧನಗಳೂ ಇರುವುದರಿಂದ ಒರಿಜಿನ್ ಎಂಬ ಪದವನ್ನೂ ರೇಮಂಡ್ ಹಿಲ್ ಎಂಬ ಕರ್ತೃವಿನ ಹೆಸರನ್ನೂ ನೋಡಿಯೇ ಸೇರಿಸಿಕೊಳ್ಳತಕ್ಕದ್ದು. ಬಳಿಕ ಗುರಾಣಿಯಾಕಾರದ ಚಿಹ್ನೆಯೊಂದು ಕಾಣುವುದು. ಒಂದು ಪುಟದಲ್ಲಿ ಎಷ್ಟು ಕರೆಗಳನ್ನು ತಡೆಯಲಾಯಿತೆಂಬ ಸಂಖ್ಯೆ ಅದರ ಮೇಲೆಯೇ ಬರುತ್ತದೆ. ಮಕ್ಕಳು ತಾವು ದಿನವೂ ನೋಡುವ ನಾಲ್ಕು ತಾಣಗಳಲ್ಲಿ ಆ ಸಂಖ್ಯೆಯನ್ನು ಬರೆದಿಟ್ಟು ಹೋಲಿಸಿದರೆ ಒಳ್ಳೆಯ ಪಾಠವಾದೀತು. ಗೂಗಲಿನ ಕ್ರೋಮ್ ಬಳಸುವವರಿಗೆ ಒಂದು ಮಾತು: ೨೦೨೪ ಮತ್ತು ೨೦೨೫ರಲ್ಲಿ ಆ ಸಂಸ್ಥೆಯು ತನ್ನ ನಿಯಮಗಳನ್ನು ಬದಲಾಯಿಸಿದ ಕಾರಣ ಪೂರ್ಣಪ್ರಮಾಣದ ಯುಬ್ಲಾಕ್ ಒರಿಜಿನ್ ಅದರಲ್ಲಿ ನಡೆಯದಾಯಿತು; ಲೈಟ್ ಎಂಬ ಕಿರಿಯ ರೂಪ ಮಾತ್ರ ದೊರೆಯುತ್ತದೆ. ಆ ಸಂಸ್ಥೆಯ ಮುಖ್ಯ ಆದಾಯ ಜಾಹೀರಾತಿನಿಂದಲೇ ಬರುವುದೆಂಬುದನ್ನು ಇಲ್ಲಿ ನೆನೆಯಬಹುದು.

ಕುಕಿಗಳ ಮಟ್ಟಿಗೆ ಫೈರ್‌ಫಾಕ್ಸ್ ೨೦೨೨ರಿಂದ ಒಂದು ತಾಣದ ಚೀಟಿಯನ್ನು ಇನ್ನೊಂದು ತಾಣದಲ್ಲಿ ಓದಲಾಗದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತದೆ. ಸೆಟ್ಟಿಂಗ್ಸ್ ಒಳಗಿನ ಪ್ರೈವಸಿ ಭಾಗದಲ್ಲಿ ಸ್ಟ್ರಿಕ್ಟ್ ಎಂಬುದನ್ನು ಆರಿಸಿದರೆ ತಡೆ ಇನ್ನಷ್ಟು ಬಿಗಿಯಾಗುವುದು. ಹಾಗೆ ಮಾಡಿದಾಗ ಯಾವುದಾದರೂ ಅರ್ಜಿಯ ಪುಟ ಸರಿಯಾಗಿ ತೆರೆಯದಿದ್ದರೆ ಗಾಬರಿಯಾಗದೆ ಆ ತಾಣಕ್ಕೆ ಮಾತ್ರ ತಡೆಯನ್ನು ಸಡಿಲಿಸಬೇಕು.

ಎಷ್ಟು ತಡೆದರೂ ನಿಲ್ಲದ ಒಂದು ಪೀಡೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಕೆಲವು ಪುಟಗಳು ತೆರೆದೊಡನೆ, ಸೂಚನೆಗಳನ್ನು ಕಳುಹಿಸಲು ಅನುಮತಿ ಕೊಡುವಿರಾ ಎಂದು ಕೇಳುತ್ತವೆ. ನೀವು ಮನುಷ್ಯರೆಂದು ತೋರಿಸಲು ಅಲೋ ಎಂಬುದನ್ನು ಒತ್ತಿರಿ ಎಂದು ವಂಚಿಸುವ ಪುಟಗಳೂ ಇವೆ. ಒಮ್ಮೆ ಒತ್ತಿದೆವೆಂದರೆ ಆಮೇಲೆ ಆ ಪುಟವನ್ನು ಮುಚ್ಚಿದರೂ ತೆರೆಯ ಮೂಲೆಯಲ್ಲಿ ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಫೋನ್ ಮಾಡಿರಿ ಎಂಬಂತಹ ಚೀಟಿಗಳು ಏಳುತ್ತಲೇ ಇರುತ್ತವೆ. ಯಂತ್ರ ಕೆಟ್ಟಿತೆಂದು ಹೆದರಿ ಹಿರಿಯರು ಫೋನ್ ಮಾಡುತ್ತಾರೆ. ಅತ್ತ ಕಡೆಯವನು ಸಹಾಯ ಮಾಡುವೆನೆಂದು ಹೇಳಿ ಬ್ಯಾಂಕಿನ ಖಾತೆಗೆ ಕೈಹಾಕುತ್ತಾನೆ. ವಾಸ್ತವವಾಗಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ನಾವೇ ಕೊಟ್ಟ ಅನುಮತಿಯಿಂದ ಬಂದ ಜಾಹೀರಾತು ಅದು. ಆದುದರಿಂದಲೇ ತಡೆಯುವ ಸಾಧನವು ಅದನ್ನು ನಿಲ್ಲಿಸಲಾರದು. ಪರಿಹಾರವು ಎರಡು ನಿಮಿಷದ ಕೆಲಸ. ಮೇಲೆ ಹೇಳಿದ ಪ್ರೈವಸಿ ಭಾಗದಲ್ಲಿಯೇ ಪರ್ಮಿಶನ್ಸ್ ಎಂಬ ಶೀರ್ಷಿಕೆಯ ಕೆಳಗೆ ನೋಟಿಫಿಕೇಶನ್ಸ್ ಎಂಬುದಿದೆ. ಅಲ್ಲಿರುವ ಅಪರಿಚಿತ ಹೆಸರುಗಳನ್ನೆಲ್ಲ ತೆಗೆದುಹಾಕಿ, ಇನ್ನು ಮುಂದೆ ಇಂತಹ ಅನುಮತಿಯನ್ನು ಕೇಳಲೇ ಕೂಡದೆಂಬ ಚೌಕಕ್ಕೆ ಗುರುತು ಹಾಕಬೇಕು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸರಕಾರಿ ಸಹಾಯವಾಣಿಗೆ ತಿಳಿಸತಕ್ಕದ್ದು.

ಇಷ್ಟೆಲ್ಲ ಮಾಡಿದ ಮೇಲೆ ನಾವು ಅದೃಶ್ಯರಾದೆವೆಂದು ತಿಳಿಯಬಾರದು. ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ ಕಿಟಕಿಯು ನಮ್ಮ ಯಂತ್ರದಲ್ಲಿ ಇತಿಹಾಸವನ್ನು ಉಳಿಸುವುದಿಲ್ಲವೇ ಹೊರತು ಹೊರಗಿನವರಿಂದ ನಮ್ಮನ್ನು ಮರೆಮಾಡುವುದಿಲ್ಲ. ಈ ವಿಷಯವಾಗಿ ಅಮೆರಿಕದಲ್ಲಿ ೨೦೨೦ರಲ್ಲಿ ಹೂಡಿದ ಮೊಕದ್ದಮೆಯ ರಾಜಿಯಲ್ಲಿ ಗೂಗಲ್ ಸಂಸ್ಥೆಯು ಹಾಗೆ ಸಂಗ್ರಹವಾದ ಅಪಾರ ದಾಖಲೆಗಳನ್ನು ನಾಶಪಡಿಸಲು ೨೦೨೪ರಲ್ಲಿ ಒಪ್ಪಿತು. ಒಂದು ಸಂಸ್ಥೆಯ ಖಾತೆಗೆ ನಾವು ಹೆಸರು ಹೇಳಿ ಪ್ರವೇಶಿಸಿದ ಬಳಿಕ ಅಲ್ಲಿ ಮಾಡುವುದೆಲ್ಲವೂ ಅವರ ಲೆಕ್ಕಕ್ಕೆ ಸೇರುತ್ತದೆ. ಕುಕಿಯಿಲ್ಲದೆಯೂ ಬ್ರೌಸರಿನ ಆವೃತ್ತಿ, ಅಕ್ಷರರೂಪಗಳು, ತೆರೆಯ ಅಳತೆ ಇವುಗಳನ್ನು ಕೂಡಿಸಿ ಬೆರಳಚ್ಚಿನಂತೆ ಗುರುತಿಸುವ ವಿದ್ಯೆಯೂ ಉಂಟು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ೨೦೧೦ರಲ್ಲಿ ಸುಮಾರು ೪,೭೦,೦೦೦ ಬ್ರೌಸರುಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೮೩ಕ್ಕಿಂತ ಹೆಚ್ಚು ಬ್ರೌಸರುಗಳ ಗುರುತು ಬೇರೊಂದರಂತೆ ಇರಲಿಲ್ಲ.

ಜಾಹೀರಾತನ್ನು ತಡೆಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಕನ್ನಡದ ಎಷ್ಟೋ ಪತ್ರಿಕೆಗಳ ತಾಣಗಳು ಆ ಆದಾಯದಿಂದ ಬದುಕುತ್ತಿವೆ. ನಮ್ಮ ಅಭಿಪ್ರಾಯದಲ್ಲಿ, ಜಾಡು ಹಿಡಿಯದ ಜಾಹೀರಾತನ್ನು ಸಹಿಸಬಹುದು. ನಾವು ಮೆಚ್ಚುವ ಪತ್ರಿಕೆಗೆ ಚಂದಾ ಕೊಡುವುದು ಅದಕ್ಕಿಂತ ಗೌರವದ ದಾರಿ. ಗುರಾಣಿಯ ಚಿಹ್ನೆಯನ್ನು ಒತ್ತಿ ಅಲ್ಲಿರುವ ದೊಡ್ಡ ಗುಂಡಿಯಿಂದ ಆ ತಾಣಕ್ಕೆ ಮಾತ್ರ ತಡೆಯನ್ನು ತೆಗೆಯಲೂ ಬರುತ್ತದೆ.

ಕಾನೂನು ಕೂಡ ಈ ಕಡೆಗೆ ತಿರುಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದ ಮಕ್ಕಳ ಜಾಡು ಹಿಡಿಯುವುದನ್ನೂ, ಅವರನ್ನು ಗುರಿಯಾಗಿಟ್ಟು ಜಾಹೀರಾತು ತೋರಿಸುವುದನ್ನೂ, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ನಿಷೇಧಿಸುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಅವು ಹಂತಹಂತವಾಗಿ ಜಾರಿಗೆ ಬರತಕ್ಕವು.

ಒಂದೇ ಯಂತ್ರವನ್ನು ಹಲವರು ಬಳಸುವ ಮನೆಗಳಲ್ಲಿ ತಂದೆಗೆ, ತಾಯಿಗೆ, ಮಕ್ಕಳಿಗೆ ಬೇರೆ ಬೇರೆ ಖಾತೆಗಳನ್ನು ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇಡುವುದು ಒಳ್ಳೆಯದು. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಇದಕ್ಕೆ ಅವಕಾಶವಿದೆ. ಆಗ ಒಬ್ಬರ ಕುಕಿಗಳೂ ಓದಿನ ಇತಿಹಾಸವೂ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಒಬ್ಬರ ಖಾತೆಯಲ್ಲಿ ಹಾಕಿದ ತಡೆಯು ಇನ್ನೊಬ್ಬರ ಖಾತೆಗೆ ತಾನಾಗಿ ಬಾರದಾದುದರಿಂದ, ಯುಬ್ಲಾಕ್ ಒರಿಜಿನನ್ನು ಪ್ರತಿಯೊಂದು ಖಾತೆಯಲ್ಲಿಯೂ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.